ಇನ್ನೂರ ಹದಿನಾಲ್ಕು ಪಾಪ

ಮನುಷ್ಯ ತನ್ನನ್ನು ತಾನೇ ಮನಸ್ಸಿನಲ್ಲಿ ಬೈದುಕೊಳ್ಳುವುದು ಹೊರಗಿನವರಿಗೂ ಕೇಳಿಸುವಂತಾದರೆ ಏನಾದೀತು? ಊರಿನ ಅರ್ಧ ಜನದ ಮೇಲೆ ಪೊಲೀಸ್ ಕೇಸು ಬಿದ್ದೀತು. ನೀಲಗಂಗಾ ಹೂಗಾರಳ ಮೇಲಂತೂ ಮೊದಲ ದಿನವೇ ಬೀಳುತ್ತಿತ್ತು. ಅಂದು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದ ಊಟದೊಳಗೆ ಅವಳು ತನ್ನನ್ನು ನಾನೂರ ಹನ್ನೆರಡು ಸಲ ಬೈದುಕೊಂಡಿದ್ದಳು.

ಎಣಿಸಿದ್ದು ಕೊರಳಪಟ್ಟಿ. ಎರಡು ಬೆರಳಗಲದ, ಬೂದು ಬಣ್ಣದ, ಮೆತ್ತನೆಯ ಪಟ್ಟಿ ಅದು. ನಾವು ಬಾಯಿ ಬಿಡದೆ ಒಳಗೊಳಗೇ ಮಾತಾಡಿಕೊಂಡಾಗಲೂ ಗಂಟಲಿನ ಸ್ನಾಯುಗಳು ಸುಮ್ಮನಿರುವುದಿಲ್ಲ. ಆಡಬೇಕಾಗಿದ್ದ ಮಾತಿಗೆ ತಕ್ಕಂತೆ ತೀರ ಸಣ್ಣದಾಗಿ ಮಿಡಿಯುತ್ತಿರುತ್ತವೆ. ಆ ಮಿಡಿತವನ್ನು ಹಿಡಿದು ಪದಗಳಾಗಿ ಬಿಡಿಸುವುದು ಪಟ್ಟಿಯ ಕೆಲಸ. ಬಿಡಿಸಿದ ಪದ ಬೈಗುಳದ ಯಾದಿಯಲ್ಲಿದ್ದರೆ ಪಟ್ಟಿ ಕೊರಳಿಗೆ ಬೆರಳಿನಿಂದ ತಟ್ಟಿದಂತೆ ಎರಡು ಸಲ ತಟ್ಟುತ್ತದೆ, ಕಿವಿಯೊಳಗೆ ಸಿಕ್ಕಿಸಿದ ಗುಂಡಿಯಷ್ಟು ಪುಟ್ಟ ಸ್ಪೀಕರಿನಲ್ಲಿ ಒಂದು ಹಿತವಾದ ದನಿ ಮಾತಾಡುತ್ತದೆ.

ಗದಗಿನ ಹಳೆಯ ಹತ್ತಿ ಜಿನ್ನಿನ ಕಟ್ಟಡದಲ್ಲಿ ಪ್ರಯೋಗಾಲಯ ಇಟ್ಟುಕೊಂಡು ಇದನ್ನು ಮಾಡಿದವರು ಡಾಕ್ಟರ್ ಜುಬೇದಾ ಸವಣೂರ. ಐವತ್ತೆಂಟು ದಾಟಿದ ಮನೋವೈದ್ಯೆ. ಯಂತ್ರಗಳ ಮೇಲೆ ಅವರಿಗೆ ನಂಬಿಕೆ ಕಡಿಮೆ, ಚಹಾದ ಮೇಲೆ ಜಾಸ್ತಿ. ಅಂದು ಪಟ್ಟಿ ಹಿಡಿದ ಮಾತುಗಳನ್ನೆಲ್ಲ ಕಾಗದದ ಮೇಲೆ ಇಳಿಸಿಕೊಂಡು ನೀಲಗಂಗಾಳ ಎದುರು ಕೂತಿದ್ದರು.

"ಇದರಾಗ ‘ಕೊಲೆಗಡುಕಿ’ ಅನ್ನೂದು ಎಷ್ಟ ಸಲ ಬಂದದ ಗೊತ್ತದ ಏನು?"

"ಬ್ಯಾಡ್ರಿ ಡಾಕ್ಟ್ರ, ಹೇಳಬ್ಯಾಡ್ರಿ."

"ಅರವತ್ತೊಂದು. ಯಾರರೆ ಒಬ್ಬಾಕಿ ನಿಮ್ಮ ಎದುರಿಗೆ ಕುಂತು ಅರವತ್ತೊಂದು ಸಲ ಹಿಂಗ ಅಂದ್ರ ಏನ್ ಮಾಡ್ತಿದ್ರಿ?"

"ಎದ್ದು ಹೋಗ್ತಿದ್ದೆ."

"ಒಳಗಿರೋ ಈಕಿನ್ನ ಬಿಟ್ಟು ಎಲ್ಲಿ ಹೋಗ್ತೀರಿ?" ಎಂದು ಡಾಕ್ಟರ್ ಕಾಗದವನ್ನು ಮಗುಚಿ ಇಟ್ಟರು. ನೀಲಗಂಗಾಳಿಗೆ ಎದ್ದು ಹೋಗಲು ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಕೆಲಸದ ಕಡೆಯಿಂದ ಸಿಕ್ಕಿದ್ದು ನಲವತ್ತು ದಿನದ ಗಡುವು. ಅಷ್ಟರಲ್ಲಿ ಎರಡು ಪರೀಕ್ಷೆಯ ಪಾಳಿ. ಎರಡರಲ್ಲೂ ತಪ್ಪಿದರೆ ಅವಳು ಮತ್ತೆಂದೂ ಕರೆ ಎತ್ತುವ ಹಾಗಿರಲಿಲ್ಲ.

‘ಓಗೊಡು’ ಎಂಬ ತುರ್ತು ಕರೆ ಕೇಂದ್ರದಲ್ಲಿ ಅವಳದು ಹದಿನಾಲ್ಕು ವರ್ಷದ ಕೆಲಸ. ಹಾವು ಕಚ್ಚಿದವರು, ಎದೆನೋವಿನವರು, ಹೆರಿಗೆಯವರು, ಯಾರೇ ಫೋನು ಮಾಡಲಿ, ಊರು ಕೇಳಿ ಗಾಡಿ ಕಳಿಸಬೇಕು. ಕೇಂದ್ರದಲ್ಲಿ ಅವಳಷ್ಟು ಚುರುಕಿನವರು ಇರಲಿಲ್ಲ. ಕರೆ ಎತ್ತಿ ಗಾಡಿ ಹೊರಡಿಸಲು ಬೇರೆಯವರಿಗೆ ಅರ್ಧ ನಿಮಿಷ ಬೇಕಾದರೆ ಅವಳಿಗೆ ಹನ್ನೊಂದು ಸೆಕೆಂಡು ಸಾಕು. ಗೋಡೆಯ ಬೋರ್ಡಿನ ಮೇಲೆ ಮೂರು ತಿಂಗಳು ಅವಳ ಫೋಟೋ ಇತ್ತು. ಅದಕ್ಕಿಂತ ಹೆಚ್ಚಾಗಿ ಎಲ್ಲರೂ ಹೊಗಳುತ್ತಿದ್ದುದು ಅವಳ ದನಿಯನ್ನು. "ಹೆದರಬ್ಯಾಡ್ರಿ, ನಾ ಅದೀನಿ" ಎಂದು ಅವಳು ಅಂದರೆ ಅಳುತ್ತಿದ್ದವರು ಅಳು ನಿಲ್ಲಿಸಿ ಉತ್ತರ ಕೊಡುತ್ತಿದ್ದರು.

ನಾಲ್ಕು ತಿಂಗಳ ಹಿಂದೆ, ಒಂದು ಬುಧವಾರ ಮಧ್ಯಾಹ್ನ, ಗಂಡಸೊಬ್ಬ ಫೋನು ಮಾಡಿದ. ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿರಲಿಲ್ಲ. ಅವನ ಮಾತು ತಡವರಿಸುತ್ತಿತ್ತು. ಊರು ಬಸಾಪುರ. ಗುಂಡಿ ಒತ್ತುವ ಹಳೇ ಕಾಲದ ಫೋನು ಅದು. ಎಲ್ಲಿಂದ ಬಂತೆಂದು ಯಂತ್ರಕ್ಕೆ ಖಚಿತವಾಗಿ ತಿಳಿಯಲಿಲ್ಲ. ಆ ಸೀಮೆಯಲ್ಲಿ ಬಸಾಪುರ ಎರಡು. ಒಂದು ಹೊಳೆಯ ದಂಡೆಯದು, ಇನ್ನೊಂದು ರೈಲು ಹಳಿಯ ಪಕ್ಕದ್ದು. ಜನ ಹೊಳಿ ಬಸಾಪುರ, ಹಳಿ ಬಸಾಪುರ ಅನ್ನುತ್ತಾರೆ. ಪರದೆಯ ಮೇಲೆ ಎರಡೂ ಹೆಸರು ಮೂಡಿದವು. ಯಾವ ಬಸಾಪುರ ಎಂದು ಅವಳು ಕೇಳಿದಳು, ಅವನು ಹೇಳತೊಡಗಿದ, ಅವಳು ಹಳಿಯ ಮೇಲೆ ಒತ್ತಿದಳು. ಗಾಡಿ ಅಲ್ಲಿಗೆ ಹೋಗಿ, ಮನೆ ಸಿಗದೆ, ಸೇತುವೆ ಸುತ್ತಿ ಹೊಳಿ ಬಸಾಪುರ ಮುಟ್ಟುವಷ್ಟರಲ್ಲಿ ಐವತ್ತು ನಿಮಿಷ. ಕೂಸು ಉಳಿಯಿತು. ರೇಣವ್ವ ಎಂಬ ಇಪ್ಪತ್ತನಾಲ್ಕರ ಹೆಂಗಸು ಉಳಿಯಲಿಲ್ಲ.

ಕೇಂದ್ರದ ಒಳಗೇ ವಿಚಾರಣೆ ನಡೆಯಿತು. ಹೊಳಿ, ಹಳಿ, ಕೇಳಿಸಿಕೊಳ್ಳುವುದರಲ್ಲಿ ತಪ್ಪಾಗಿದೆ ಎಂದು ಬರೆದು ಮುಗಿಸಿದರು. ಮನೆಯವರಿಗೆ ಗಾಡಿ ತಡವಾಯಿತು ಎಂದಷ್ಟೇ ತಿಳಿಸಿದರು. ನೀಲಗಂಗಾಳನ್ನು ಯಾರೂ ಒಂದು ಮಾತು ಅನ್ನಲಿಲ್ಲ, ಯಾರ ಕಿವಿಗಾದರೂ ಹಾಗೇ ಕೇಳೀತು ಎಂದರು. ಬೈಯುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಮರುದಿನ ಕುರ್ಚಿಯಲ್ಲಿ ಕೂತರೆ ಒಳಗಿನವಳ ಕಿರುಚಾಟದಲ್ಲಿ ಹೊರಗಿನವರ ಮಾತು ಕೇಳಿಸದೆ, ಊರ ಹೆಸರನ್ನು ನಾಲ್ಕು ನಾಲ್ಕು ಸಲ ಕೇಳಿದಳು. ಮೂರನೇ ದಿನ ಮೇಲ್ವಿಚಾರಕರಾದ ಕಟ್ಟಿಯವರು ಅವಳನ್ನು ಕುರ್ಚಿಯಿಂದ ಎಬ್ಬಿಸಿ ಮನೆಗೆ ಕಳಿಸಿದರು.

ವರದಿಯಲ್ಲಿಲ್ಲದ ಸಂಗತಿ ಒಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಮನಸ್ಸಿನಲ್ಲಿ ಅಂದುಕೊಳ್ಳಲೂ ಹೆದರುತ್ತಿದ್ದಳು, ಎಲ್ಲಿ ಪಟ್ಟಿಗೆ ಕೇಳಿಸಿಬಿಡುತ್ತದೋ ಎಂದು.

ಎರಡನೇ ವಾರ ಡಾಕ್ಟರ್ ಚಹಾದ ಮೂರು ಲೋಟ ಮುಂದಿಟ್ಟುಕೊಂಡು ಪಾಠ ಹೇಳಿದರು. ಮನುಷ್ಯನ ತಲೆಯೊಳಗೆ ಮೂರು ಏರ್ಪಾಡು. ಒಂದು ಅಪಾಯ ಕಂಡರೆ ಎಚ್ಚರಿಸುವುದು, ಒಂದು ಬೇಕಾದದ್ದರ ಹಿಂದೆ ಓಡಿಸುವುದು, ಇನ್ನೊಂದು ಸಮಾಧಾನ ಮಾಡುವುದು.

"ನಿಮ್ಮಲ್ಲೆ ಮೊದಲಿನ ಎರಡೂ ಭೇಷ್ ಅವ. ಹದಿನಾಲ್ಕು ವರ್ಷ ಅವುಗಳ ಮ್ಯಾಲೇ ಓಡೀರಿ. ಮೂರನೇದು ತುಕ್ಕು ಹಿಡದದ. ಬೈದ್ರ ಅಪಾಯದ ಗಂಟಿ ಇನ್ನೂ ಜೋರ್ ಬಾರಸ್ತದ, ಅಷ್ಟ. ಗಂಟಿ ಬಾರ್ಸೋ ಮುಂದ ಯಾರಿಗೂ ಏನೂ ಕೇಳೂದಿಲ್ಲ." ಆಮೇಲೆ ಉಸಿರಾಟ ಕಲಿಸಿದರು, ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು. "ಈಗ ಹೇಳ್ರಿ, ನಿಮಗ ಹಿತ ಅನಿಸೋ ದನಿ ಯಾರದು? ಆ ದನೀನ ಕಿವ್ಯಾಗ ಇಡ್ತೀವಿ."

ನೀಲಗಂಗಾ ಬಹಳ ಹೊತ್ತು ಯೋಚಿಸಿದಳು. ಅವ್ವ ಹೋಗಿ ಇಪ್ಪತ್ತು ವರ್ಷ, ದನಿ ನೆನಪಿರಲಿಲ್ಲ. ಗಂಡ ಅಡಿವೆಪ್ಪ ಲಾರಿಯ ಮೇಲೆ ಹೋದರೆ ಹದಿನೈದು ದಿನ ಬರುತ್ತಿರಲಿಲ್ಲ, ಬಂದಾಗಲೂ ಮಾತು ಕಡಿಮೆ.

"ಹಂಗಾದ್ರ ನಿಮ್ಮದೇ ಇಡೋಣ," ಅಂದರು ಡಾಕ್ಟರ್. "ಗದಗ ಜಿಲ್ಲಾದಾಗ ಅದಕ್ಕಿಂತ ಹಿತದ ದನಿ ಇಲ್ಲಂತ ಎಲ್ಲಾರೂ ಅಂತಾರ."

ಕೇಂದ್ರದ ಹಳೆಯ ಕರೆಗಳಿಂದ ಅವಳ ದನಿಯನ್ನು ಎತ್ತಿ ಗುಂಡಿಗೆ ತುಂಬಿದರು. ಮೊದಲ ಸಲ ಅದು ಕಿವಿಯಲ್ಲಿ "ಹೆದರಬ್ಯಾಡ, ನಾ ಅದೀನಿ" ಅಂದಾಗ ನೀಲಗಂಗಾಳ ಜೀವ ಬಾಯಿಗೆ ಬಂತು. ಇದೇ ದನಿ, ಇದೇ ಮಾತು ರೇಣವ್ವನ ಗಂಡನಿಗೂ ಹೇಳಿದ್ದು. ಪಟ್ಟಿ ಕಿತ್ತು ಮೇಜಿನ ಮೇಲೆ ಒಗೆದಳು.

ಡಾಕ್ಟರ್ ಪಟ್ಟಿಯನ್ನು ಎತ್ತಿಕೊಡಲಿಲ್ಲ. "ಥಂಡ್ಯಾಗ ಸೆಟೆದ ಕೈ ಮ್ಯಾಲ ಬೆಚ್ಚನ ನೀರ್ ಹಾಕಿದ್ರೂ ಉರೀತದ ನೋಡ್ರಿ. ನೀರು ಕೆಟ್ಟದ್ದಲ್ಲ. ದಿನಾ ಒಂದೀಟು ಹಾಕೋಣ," ಅಂದರು. ನೀಲಗಂಗಾ ಹತ್ತು ನಿಮಿಷದ ನಂತರ ಪಟ್ಟಿಯನ್ನು ತಾನೇ ಕಟ್ಟಿಕೊಂಡಳು. ಕುರ್ಚಿ ಬೇಕಾಗಿತ್ತು ಅವಳಿಗೆ. ಕುರ್ಚಿ ಇಲ್ಲದೆ ತಾನು ಯಾರು ಎಂಬುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಮೂರು ವಾರದಲ್ಲಿ ಎಣಿಕೆ ನಾನೂರರಿಂದ ತೊಂಬತ್ತಕ್ಕೆ ಬಂತು, ಆಮೇಲೆ ಮೂವತ್ತಕ್ಕೆ. ಡಾಕ್ಟರ್ ಖುಷಿಯಾದರು. ಬೆಟಗೇರಿಯ ಅವಳ ಮನೆಯಲ್ಲಿ ಮಾತ್ರ ಖುಷಿಯಾಗಲು ಯಾರಿಗೂ ಕಾರಣ ಕಾಣಲಿಲ್ಲ. ನೀಲಗಂಗಾ ಹೊತ್ತಿಗೆ ಸರಿಯಾಗಿ ಏಳುತ್ತಿದ್ದಳು, ಉಣ್ಣುತ್ತಿದ್ದಳು, ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಬಿಸಿಲಿಗೆ ಹಾಕಿದ ಹಪ್ಪಳದಂತೆ ಒಣಗಿಕೊಂಡು ಓಡಾಡುತ್ತಿದ್ದಳು.

ಮನೆಯಲ್ಲಿದ್ದ ಇನ್ನೊಬ್ಬರು ಅತ್ತೆ ತಂಗೆವ್ವ. ಈ ಮುದುಕಿಯ ಬಾಯಲ್ಲಿ ದಿನಕ್ಕೆ ನೂರು ಸಲವಾದರೂ ‘ಪಾಪ’ ಬರಬೇಕು. ಬಾಲ ಕಳಕೊಂಡ ಹಲ್ಲಿ ಪಾಪ, ಟೀವಿಯಲ್ಲಿ ಸೋತ ಮಂತ್ರಿ ಪಾಪ, ಕಡೆಗೆ ಸೀದ ರೊಟ್ಟಿಯೂ ಪಾಪ. ಒಂದು ದಿನ ಮಿರ್ಚಿ ಕರಿಯುವಾಗ ಕಾದ ಎಣ್ಣೆ ಅವಳ ಮುಂಗೈ ಮೇಲೆ ಸಿಡಿಯಿತು. ನೀಲಗಂಗಾ ಓಡಿ ಬಂದಳು. ಮನಸ್ಸಿನಲ್ಲಿ ಏನೋ ಎದ್ದಿತು, ಅಷ್ಟರಲ್ಲಿ ಪಟ್ಟಿ ಎರಡು ಸಲ ತಟ್ಟಿತು. "ನೀ ಕೆಟ್ಟಾಕಿ ಅಲ್ಲ. ಬಿಡು. ಉಸಿರು ತಗೋ," ಅಂತು ಕಿವಿಯೊಳಗಿನ ದನಿ. ತನಗರಿವಿಲ್ಲದೆ ಮತ್ತೆ ಬೈದುಕೊಂಡೆನೇನೋ ಎಂದುಕೊಂಡು ಅವಳು ನಿಂತಲ್ಲೇ ಉಸಿರು ತೆಗೆದುಕೊಂಡಳು. ತಂಗೆವ್ವ ತಾನೇ ನಳದ ಕೆಳಗೆ ಕೈ ಹಿಡಿದಳು.

"ಮುಲಾಮು ಹಚ್ಚಿಕೊಳ್ರಿ ಅತ್ತೀ," ಎಂದು ಹೇಳಿ ನೀಲಗಂಗಾ ಒಳಗೆ ಹೋದಳು. ಮುದುಕಿ ಸೊಸೆಯ ಬೆನ್ನನ್ನೇ ನೋಡುತ್ತ ನಿಂತಳು.

ಮೊದಲ ಪಾಳಿ ಒಂದು ಮಂಗಳವಾರ. ಪಕ್ಕದಲ್ಲಿ ಕಟ್ಟಿಯವರು ತಾವೂ ಕರೆ ಕೇಳುವ ಹೆಡ್‌ಫೋನು ಕಿವಿಗೆ ಹಚ್ಚಿಕೊಂಡು ಕೂತರು. ಎಲುಬಿನ ಮೇಲೆ ಬರೀ ಚರ್ಮ ಹೊದಿಸಿದಂತಿದ್ದ ಮನುಷ್ಯ, ಮಾತೂ ಅಷ್ಟೇ ತೆಳುವು. "ನಾ ಏನೂ ಅನ್ನಂಗಿಲ್ಲ. ನೀ ಮಾಡು," ಅಂದರು.

ಮೊದಲ ಕರೆ ಚೇಳು ಕಚ್ಚಿದವನದು. ಎರಡನೆಯದು ತಪ್ಪಿ ಬಂದದ್ದು. ಮೂರನೆಯದು ಎದೆನೋವು. ಮೂರನ್ನೂ ನೀಲಗಂಗಾ ಸಲೀಸಾಗಿ ಮುಗಿಸಿದಳು. ಬೆನ್ನು ಕುರ್ಚಿಗೆ ಆನಿತು. ನಾಲ್ಕನೆಯ ಕರೆಯಲ್ಲಿ ಹೆಂಗಸೊಬ್ಬಳು ಚೀರುತ್ತಿದ್ದಳು.

"ಯಕ್ಕಾ, ನನ ಮಗಳು ಬಾವ್ಯಾಗ ಬಿದ್ದಾಳ... ಮ್ಯಾಲ ತಗದೀವಿ, ಉಸರಾಡವಲ್ಲಳು ಯಕ್ಕಾ..."

"ಹೆದರಬ್ಯಾಡ್ರಿ, ನಾ ಅದೀನಿ. ಯಾವ ಊರ್ರೀ?"

ಹೆಂಗಸು ಊರು ಹೇಳಿದಳು. ಅದೇ ಗಳಿಗೆಗೆ ಪಟ್ಟಿ ತಟ್ಟಿತು, ನೀಲಗಂಗಾಳದೇ ದನಿ ಕಿವಿ ತುಂಬ ಮಾತಾಡಿತು: "ನೀ ಕೆಟ್ಟಾಕಿ ಅಲ್ಲ. ಬಿಡು. ಉಸಿರು ತಗೋ." ಊರ ಹೆಸರು ಅದರಡಿಗೆ ಸಿಕ್ಕಿ ಹೋಯಿತು.

"ಇನ್ನೊಮ್ಮೆ ಹೇಳ್ರಿ."

"ಅಯ್ಯೋ, ಹೇಳಿದ್ನೆಲ್ಲ! ನನ ಮಗಳ ತುಟಿ ನೀಲಿ ಆಗ್ಯಾವ..." ಮತ್ತೆ ಹೆಸರು. ಮತ್ತೆ ಪಟ್ಟಿಯ ತಟ್ಟು, ಮತ್ತೆ ಅದೇ ದನಿ. ಪರದೆಯ ಮೇಲೆ ಆರು ಊರುಗಳು ಸಾಲಾಗಿ ನಿಂತು ಅವಳನ್ನೇ ನೋಡುತ್ತಿದ್ದವು. ಬೆರಳು ಯಾವುದರ ಮೇಲೂ ಇಳಿಯಲಿಲ್ಲ. ಮೂರನೇ ಸಲ ಕೇಳಲು ಬಾಯಿ ತೆರೆದಳು, ದನಿ ಹೊರಡಲಿಲ್ಲ.

ಕಟ್ಟಿಯವರ ತೆಳ್ಳಗಿನ ಕೈ ಅವಳ ಮುಂದಿನಿಂದ ಹಾದು ಐದನೇ ಊರನ್ನು ಒತ್ತಿತು. ಕರೆಯನ್ನು ಅವರೇ ಮುಂದುವರಿಸಿದರು, ಎದೆ ಒತ್ತುವುದು ಹೇಗೆಂದು ತಾಯಿಗೆ ಹೇಳಿಕೊಟ್ಟರು. ಐವತ್ತೆರಡು ಸೆಕೆಂಡು ತಡವಾಗಿತ್ತು. ಅರ್ಧ ಗಂಟೆಯ ಮೇಲೆ ಗಾಡಿಯಿಂದ ಸುದ್ದಿ ಬಂತು, ಹುಡುಗಿ ಉಸಿರಾಡುತ್ತಿದ್ದಾಳೆಂದು. ನೀಲಗಂಗಾ ಅಷ್ಟು ಹೊತ್ತೂ ಎರಡೂ ಕೈ ಮೇಜಿನ ಮೇಲಿಟ್ಟು ಕೂತಿದ್ದಳು.

"ಶುಕ್ರವಾರ ಇನ್ನೊಂದು ಪಾಳಿ ಅದ," ಅಂದರು ಕಟ್ಟಿಯವರು. "ಅದು ಕಡೀದು ನೋಡವಾ. ನನ್ನ ಕೈಯಾಗ ಏನೂ ಇಲ್ಲ."

ಮನೆಗೆ ಬಂದು ಅವಳು ಅತ್ತೆಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ತಂಗೆವ್ವ ಕೊತ್ತಂಬರಿ ಸೋಸುತ್ತಿದ್ದಳು.

"ಕೂಸು ಬಾವ್ಯಾಗ ಬಿದ್ದಿತ್ರಿ."

"ಅಯ್ಯ ಪಾಪ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡ ಮುದುಕಿ, ಸೊಸೆಯ ಮುಖ ನೋಡಿ ಸೊಪ್ಪು ಕೆಳಗಿಟ್ಟಳು. "ನೀಲವ್ವಾ, ನೀ ಯಾಕ ಅನವಲ್ಲಿ?"

"ಏನ್ರಿ?"

"ಪಾಪ ಅಂತ. ಒಂದು ತಿಂಗಳಾತು, ನಿನ್ನ ಬಾಯಾಗ ಆ ಮಾತೇ ಬಂದಿಲ್ಲ. ಅವತ್ತು ನನ್ನ ಕೈ ಸುಟ್ಟಾಗೂ ಅನಲಿಲ್ಲ. ಮೊದಲು ಹಿಂಗಿರಲಿಲ್ಲ ಬಿಡು ನೀನು. ಫೋನಿನ್ಯಾಗ ಯಾರರ ಅತ್ತಿದ್ದು ಮನ್ಯಾಗ ಬಂದು ಹೇಳೂ ಮುಂದ ನಾಕು ಸಲ ಪಾಪ ಅಂತಿದ್ದಿ. ಆ ಬೆಲ್ಟು ಕಟಗೊಂಡ ಮ್ಯಾಲ ಏನಾತು ನಿನಗ?"

ನೀಲಗಂಗಾ ಸೊಪ್ಪಿನ ಬುಟ್ಟಿಯ ಮುಂದೆ ಕೂತಳು. ಮೆಲ್ಲಗೆ "ಪಾಪ" ಅಂದಳು. ಪಟ್ಟಿ ಎರಡು ಸಲ ತಟ್ಟಿತು. "ನೀ ಕೆಟ್ಟಾಕಿ ಅಲ್ಲ," ಅಂತು ದನಿ. "ಕೊತ್ತಂಬರಿ," ಅಂದಳು. ಪಟ್ಟಿ ಸುಮ್ಮನಿತ್ತು. "ಬುಟ್ಟಿ. ಅತ್ತಿ. ಎಣ್ಣಿ." ಸುಮ್ಮನೆ. ಬಾಯಿ ಮುಚ್ಚಿ ಮನಸ್ಸಿನಲ್ಲೇ ಪಾಪ ಅಂದುಕೊಂಡಳು. ಪಟ್ಟಿ ತಟ್ಟಿತು. ಅವಳು ಮತ್ತೆ ಮತ್ತೆ ಅಂದಳು, ಅದು ಮತ್ತೆ ಮತ್ತೆ ತಟ್ಟಿತು. ಹುಚ್ಚು ಹಿಡಿಯಿತೇನೋ ಎಂದು ತಂಗೆವ್ವ ಹೆದರಿ ಸೊಸೆಯ ಕೈ ಹಿಡಿದಳು.

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆಯುವ ಮುಂಚೆಯೇ ನೀಲಗಂಗಾ ಅಲ್ಲಿದ್ದಳು. ಡಾಕ್ಟರ್ ಜುಬೇದಾ ನಿಂತುಕೊಂಡೇ ಕಂಪ್ಯೂಟರು ತೆರೆದು, ಪಟ್ಟಿ ಈ ತಿಂಗಳಲ್ಲಿ ತಡೆದ ಪಾಪಗಳನ್ನೆಲ್ಲ ಅವುಗಳ ಹಿಂದುಮುಂದಿನ ಮಾತಿನ ಸಮೇತ ತೆಗೆಸಿದರು. ಇನ್ನೂರ ಹದಿನಾಲ್ಕು. ಅವರು ಓದುತ್ತ ಹೋದರು.

ಪಾಪ, ಎಷ್ಟು ಹೊತ್ತು ಕಾದಳೋ. ಪಾಪ, ಅಂವ ಮಾತಾಡಾಕ ಎಷ್ಟು ಕಷ್ಟಪಟ್ಟ. ಪಾಪ, ಕೂಸಿಗೆ ಎಣ್ಣಿ ಹಚ್ಚಿ ಎರೆಯೋರು ಯಾರು. ಪಾಪ, ಅತ್ತಿ ಕೈ.

"ಇವು ಒಂದೂ ಬೈಗುಳ ಅಲ್ಲ," ಅಂದರು ಡಾಕ್ಟರ್. ಮುಖ ಬಿಳಚಿಕೊಂಡಿತ್ತು. "ಯಾದಿ ನಾನೇ ಬರದದ್ದು. ಎರಡು ಸಂಜಿ ಕುಂತು ಬರದೆ. ತಪ್ಪು, ದ್ರೋಹ, ಅಪರಾಧ, ಪಾಪ. ಪೆನ್ನು ಕೈಯಾಗ ಹಿಡದಾಗ ಪಾಪ-ಪುಣ್ಯದ ಪಾಪ ಒಂದೇ ನೆನಪಾತು. ದಿನಾ ನೂರು ಸಲ ಬಾಯಾಗ ಬರ್ತದ ಈ ಮಾತು, ಒಂದು ಸಲಾನೂ ಹೊಳೀಲಿಲ್ಲ. ನಿಮ್ಮ ಒಳಗ ಇದ್ದ ಮರುಕಾನ ನಾನು ಯಂತ್ರ ಹಚ್ಚಿ ಹಿಚುಕೀನಿ, ನೀಲಗಂಗಾ. ಮಂಗಳವಾರ ಆ ಹುಡುಗಿ ಸತ್ತಿದ್ರ ಅದು ನನ್ನ ಕೈಯಿಂದ ಆಗ್ತಿತ್ತು."

ಅವರ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಳ್ಳದೆ ಕುರ್ಚಿ ಎಳೆದುಕೊಂಡು ಕೂತು, ನಿಧಾನವಾಗಿ ಎರಡು ಉಸಿರು ಬಿಟ್ಟು, ಫೋನು ಎತ್ತಿದರು. ಇನ್ನೂ ಹನ್ನೊಂದು ಜನರ ಕೊರಳಲ್ಲಿ ಆ ಪಟ್ಟಿ ಇತ್ತು. ಒಬ್ಬೊಬ್ಬರಿಗೂ ಹಚ್ಚಿ, ತಪ್ಪು ತನ್ನದೆಂದು ಹೇಳಿ, ಈಗಲೇ ಬಿಚ್ಚಿಡಿ ಅಂದರು. ಒಬ್ಬ ಗಂಡಸು ಬಾಯಿಗೆ ಬಂದಂತೆ ಬೈದದ್ದು ನೀಲಗಂಗಾಳಿಗೂ ಕೇಳಿಸಿತು. ಡಾಕ್ಟರ್ ಅವನ ಮಾತು ಮುಗಿಯುವವರೆಗೆ ಕಾದು, "ನೀವು ಅನ್ನೂದು ಖರೇ ಅದ," ಅಂದು ಮುಂದಿನ ನಂಬರು ಒತ್ತಿದರು. ಆಮೇಲೆ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿದ್ದ ಸಮಿತಿಗೆ ಕಾಗದ ಬರೆದರು.

ನೀಲಗಂಗಾಳಿಗೆ ತಡೆಯಲಿಲ್ಲ. "ಡಾಕ್ಟ್ರ, ನಿಮಗ ನಾಚಿಕಿ ಆಗೂದಿಲ್ಲೇನ್ರಿ?"

"ಆಗೇದ. ಆದ್ರ ಬೈಕೋತ ಮೂಲ್ಯಾಗ ಕುಂತ್ರ ಹನ್ನೊಂದು ಮಂದಿ ಪಟ್ಟಿ ಬಿಚ್ಚಸವರು ಯಾರು?"

ನೀಲಗಂಗಾ ಕೊರಳಿಗೆ ಕೈ ಹಾಕಿ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು.

"ನನಗ ತಪ್ಪು ಕೇಳಿಸಿರಲಿಲ್ರಿ," ಅಂದಳು.

ಡಾಕ್ಟರ್ ತಲೆಯೆತ್ತಿದರು.

"ಹೊಳಿ ಅಂದದ್ದು ಹಳಿ ಅಂತ ಕೇಳ್ತು ಅಂತ ಬರದಾರಲ್ರಿ, ಅದು ಸುಳ್ಳು. ಅಂವ ‘ಹ’ ಅಂದ. ಮಾತು ತಡವರಸ್ತಿತ್ತು, ಮುಂದ ಬರಲಿಲ್ಲ. ನಾ ಕಾಯಲಿಲ್ಲ. ಅಷ್ಟಕ್ಕ ಒತ್ತಿ, ಹೆದರಬ್ಯಾಡ್ರಿ ನಾ ಅದೀನಿ ಅಂತ ಶುರು ಮಾಡಿಬಿಟ್ಟೆ. ಅಂವ ಆಮ್ಯಾಲ ಪೂರಾ ಹೇಳ್ಯಾನ. ನನ್ನ ದನಿ ಅಡಿಗೆ ಐತಿ ಅದು. ವಿಚಾರಣಿ ದಿನ ರೆಕಾರ್ಡು ಹಾಕಿದಾಗ ಕೇಳ್ತು. ಎಲ್ಲಾರಿಗೂ ಕೇಳ್ತು, ಆದ್ರ ಬರಿಯೂ ಮುಂದ ಮುಚ್ಚಿ ಹಾಕಿದ್ರು. ಬೋರ್ಡಿನ ಮ್ಯಾಲ ನನ್ನ ಫೋಟೋ ಇತ್ತಲ್ರಿ, ಹನ್ನೊಂದು ಸೆಕೆಂಡು ಅಂತ."

ಡಾಕ್ಟರ್ ಕುರ್ಚಿಯನ್ನು ಅವಳ ಎದುರಿಗೆ ಎಳೆದುಕೊಂಡರು. ಆಮೇಲೆ, "ಹಂಗಾದ್ರ ಅದು ನಿಮ್ಮ ತಪ್ಪೇ," ಅಂದರು.

ಐದು ತಿಂಗಳಲ್ಲಿ ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ. ನೀಲಗಂಗಾಳಿಗೆ ಕಾಲಡಿ ನೆಲ ಸಿಕ್ಕಂತಾಯಿತು.

"ತಪ್ಪು ಮಾಡೀರಿ. ಅದರಿಂದ ಒಬ್ಬಾಕಿ ಸತ್ತಾಳ. ಅದನ್ನ ಅಳಸಾಕ ಬರೂದಿಲ್ಲ, ಅಳಸ್ತೀನಿ ಅಂತ ನಾನೂ ಹೇಳಂಗಿಲ್ಲ. ಆದ್ರ ಆ ಅರವತ್ತೊಂದು ಸಲದ ಮಾತದ ನೋಡ್ರಿ, ಅದರಾಗ ರೇಣವ್ವ ಒಮ್ಮೆನೂ ಇಲ್ಲ. ಬರೇ ನೀವು ಅದೀರಿ. ಈ ಇನ್ನೂರ ಹದಿನಾಲ್ಕರಾಗ ಆಕಿ ಅದಾಳ."

ಆಗ ನೀಲಗಂಗಾ ಅತ್ತಳು. ಬೈದುಕೊಳ್ಳುತ್ತ ಅಳುವುದು ಅವಳಿಗೆ ರೂಢಿಯಿತ್ತು, ಇದು ಬೇರೆ. ರಕ್ತದ ಮಡುವಿನಲ್ಲಿ ಬಾಗಿಲ ಕಡೆ ನೋಡುತ್ತ ಮಲಗಿದ್ದ, ತಾನು ಎಂದೂ ಕಂಡಿರದ ಒಬ್ಬ ಹೆಂಗಸಿಗಾಗಿ ಅತ್ತಳು. "ಪಾಪ, ಪಾಪ," ಎಂದು ಬಾಯಿಬಿಟ್ಟೇ ಅಂದಳು. ತಡೆಯಲು ಕೊರಳಲ್ಲಿ ಏನೂ ಇರಲಿಲ್ಲ.

ಶುಕ್ರವಾರ ಅವಳು ಪಟ್ಟಿ ಇಲ್ಲದೆ ಕೂತಳು. ಕಟ್ಟಿಯವರು ಹುಬ್ಬೇರಿಸಿದರು. ಎರಡನೇ ಕರೆಯಲ್ಲೇ ಒಬ್ಬ ಮುದುಕ ಸಿಕ್ಕ. ಮಗನಿಗೆ ಕರೆಂಟು ಹೊಡೆದಿತ್ತು, ಮುದುಕನಿಗೆ ಹಲ್ಲಿರಲಿಲ್ಲ, ಮಾತು ಕಲಸಿಹೋಗುತ್ತಿತ್ತು. ಒಳಗಿನವಳು ಎದ್ದಳು. ಇವನನ್ನೂ ಕೊಲ್ಲುತ್ತೀ, ಒತ್ತು, ಬೇಗ ಒತ್ತು, ಕೊಲೆಗಡುಕಿ. ನೀಲಗಂಗಾ ಅವಳ ಬಾಯಿ ಮುಚ್ಚಿಸಲು ಹೋಗಲಿಲ್ಲ. ಐದು ತಿಂಗಳಿಂದ ಹೆದರಿ ಕಿರುಚುತ್ತಿದ್ದಾಳೆ, ಪಾಪ, ಎಂದುಕೊಂಡಳು. ಹೊರಗೆ ನಿಧಾನವಾಗಿ ಒಂದು ಉಸಿರು ಬಿಟ್ಟಳು. ಬೆರಳನ್ನು ಮೇಜಿನಂಚಿಗೆ ಇಟ್ಟು, ಏನೂ ಮಾತಾಡದೆ, ಮುದುಕ ಊರ ಹೆಸರನ್ನು ಕಡೆಯ ಅಕ್ಷರದವರೆಗೆ ಹೇಳಿ ಮುಗಿಸಲು ಬಿಟ್ಟಳು. ಆಮೇಲೆ ಒತ್ತಿದಳು. ಹತ್ತೊಂಬತ್ತು ಸೆಕೆಂಡು. ಗಾಡಿ ಸರಿಯಾದ ಮನೆಗೆ ಹೋಯಿತು.

ಪಾಳಿ ಮುಗಿದಾಗ ಕಟ್ಟಿಯವರು ಕಾಗದಕ್ಕೆ ಸಹಿ ಹಾಕಿ ಅವಳ ಮುಂದಿಟ್ಟರು. "ಕುರ್ಚಿ ನಿಂದು. ಸೋಮವಾರ ಬಾ."

"ಸರ್, ನಾ ಹೊಳಿ ಬಸಾಪುರಕ್ಕ ಹೋಗಿ ಬರ್ತೀನ್ರಿ. ಅವ್ರಿಗೆ ಖರೇ ಹೇಳಬೇಕು."

ಕಟ್ಟಿಯವರ ತೆಳ್ಳನೆಯ ಮುಖ ಇನ್ನೂ ತೆಳುವಾಯಿತು. "ಬರದದ್ದು ಬರದಾಗೇದ. ಅವರು ಕೇಸ್ ಹಾಕಿದ್ರ ಈ ಕಾಗದ ಹರದು ಹಾಕ್ತಾರ. ಕುರ್ಚಿ ಅಷ್ಟ ಅಲ್ಲ, ನೌಕ್ರೀನೂ ಹೋಗ್ತದ. ಮಂದೀನ ಉಳಸಾಕೀನ ಕಳಕೊಂಡು ನಮಗ ಏನ್ ಬಂತು?"

"ಗೊತ್ತೈತ್ರಿ," ಅಂದಳು ನೀಲಗಂಗಾ. ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು.

ಭಾನುವಾರ ಹತ್ತು ಗಂಟೆಗೆ ಬಸ್ಸು ಅವಳನ್ನು ಹೊಳಿ ಬಸಾಪುರದಲ್ಲಿ ಇಳಿಸಿತು. ರೇಣವ್ವನ ಗಂಡ, ಇಟ್ಟಂಗಿ ಭಟ್ಟಿಯಲ್ಲಿ ದುಡಿಯುವ ಯಮನಪ್ಪನ ಮನೆ ಎಲ್ಲರಿಗೂ ಗೊತ್ತಿತ್ತು. ಕಟ್ಟೆಯ ಮೇಲೆ ಕಪ್ಪಗಿನ ಎಳೆ ಗಂಡಸು ಸೀರೆಯ ಜೋಲಿ ತೂಗುತ್ತ ಕೂತಿದ್ದ. ಅವಳು ನಮಸ್ಕಾರ ಅಂದರೆ ತಲೆಯನ್ನಷ್ಟೇ ಅಲ್ಲಾಡಿಸಿದ. ಒಳಗಿನಿಂದ ವಯಸ್ಸಾದ ಹೆಂಗಸು ಬಂದಳು, ರೇಣವ್ವನ ತಾಯಿ.

"ಅಂವ ಮಾತಾಡೂದಿಲ್ಲವಾ. ಮಗಳು ಹೋದಾಗಿಂದ ಬಾಯಿ ಬಿಟ್ಟಿಲ್ಲ. ಬಿಡಬೇಕಾದಾಗ ಬಿಟ್ಟಿದ್ರ ಆಕಿ ಉಳೀತಿದ್ಲು. ಹುಟ್ಟಾ ತೊದಲಾ. ಫೋನಿನ್ಯಾಗ ಊರ ಹೆಸರು ಹೇಳಾಕ ಬರಲಿಲ್ಲ ಇವಗ, ಅದಕ್ಕ ಗಾಡಿ ಎತ್ಲಾಗರ ಹೋತು. ಊರಿಗೆ ಊರೇ ಅಂತೈತಿ." ಅವನ ಎದುರೇ ಹೇಳಿದಳು, ಹೇಳಿ ಹೇಳಿ ರೂಢಿಯಾದವರಂತೆ. ಯಮನಪ್ಪ ಜೋಲಿಯ ಹಗ್ಗವನ್ನೇ ನೋಡುತ್ತಿದ್ದ.

ತಾನು ಮೂಲೆಯಲ್ಲಿ ಕೂತು ತನ್ನನ್ನೇ ಬೈದುಕೊಂಡ ಐದು ತಿಂಗಳೂ ಇಲ್ಲೊಬ್ಬ ತನ್ನ ತಪ್ಪನ್ನು ಹೊತ್ತು ಮೂಕನಾಗಿದ್ದ.

"ಅವರು ಹೇಳ್ಯಾರ್ರೀ," ಅಂದಳು. ದನಿ ನಡುಗಿತು, ನಡುಗಲು ಬಿಟ್ಟಳು. "ಹೊಳಿ ಬಸಾಪುರ ಅಂತ ಪೂರಾ ಹೇಳ್ಯಾರ. ರೆಕಾರ್ಡಿನ್ಯಾಗ ಸ್ವಚ್ಛ ಐತಿ. ಅವತ್ತು ಫೋನ್ ಎತ್ತಿದಾಕಿ ನಾನು. ಅವರು ಹೇಳಿ ಮುಗಸೂತನಾ ನಾ ಕಾಯಲಿಲ್ಲ. ಗಾಡಿ ಹಳಿ ಬಸಾಪುರಕ್ಕ ಕಳಿಸಿದಾಕಿ ನಾನು. ಅವರದೇನೂ ತಪ್ಪಿಲ್ಲ."

ಮುದುಕಿ ಮೊದಲು ತಿಳಿಯದವಳಂತೆ ನೋಡಿದಳು. ತಿಳಿದ ಮೇಲೆ ಕಿರುಚಿದಳು. ನಿನ್ನ ಕೈ ಸೇದಿಹೋಗಲಿ ಅಂದಳು, ಕೋರ್ಟಿಗೆ ಎಳೆಯುತ್ತೇನೆ ಅಂದಳು.

"ಎಳೀರಿ. ನೀಲಗಂಗಾ ಹೂಗಾರ ನನ್ನ ಹೆಸರು. ಓಗೊಡು ಕೇಂದ್ರ, ಗದಗ. ಕೋರ್ಟಿಗೆ ಬಂದೂ ಇದನ್ನೇ ಹೇಳ್ತೀನಿ."

ಯಮನಪ್ಪ ಎದ್ದು ನಿಂತಿದ್ದ. ಅವನ ತುಟಿ ಅಲುಗುತ್ತಿತ್ತು, ಕತ್ತಿನ ನರ ಉಬ್ಬಿತ್ತು. "ಹ..." ಅಂದ. "ಹ... ಹ..."

ಸಮಾಧಾನದ ಮಾತು ನೀಲಗಂಗಾಳ ನಾಲಿಗೆಯ ತುದಿಗೇ ಬಂತು. ಅವಳು ಅದನ್ನು ಆಡಲಿಲ್ಲ. ಮುದುಕಿ ಏನೋ ಅನ್ನಲು ಹೋದಾಗ ಕೈ ಅಡ್ಡ ಹಿಡಿದು ತಡೆದಳು. ಇಬ್ಬರು ಹೆಂಗಸರೂ ಬಿಸಿಲಲ್ಲಿ ನಿಂತು ಅವನ ಬಾಯಿಯನ್ನೇ ನೋಡುತ್ತ ಕಾದರು.

"ಹ... ಹೇಳಿದ್ನೇನ್ರಿ ನಾ?"

"ಹೇಳಿದ್ರಿ. ಪೂರಾ ಹೇಳಿದ್ರಿ."

ಯಮನಪ್ಪ ರೇಣವ್ವನ ತಾಯಿಯ ಕಡೆ ತಿರುಗಿದ. ಕಣ್ಣು ಒರೆಸಿಕೊಂಡ. ಈ ಸಲ ಮಾತು ಬರಲು ಇನ್ನೂ ಹೊತ್ತಾಯಿತು.

"ಕ... ಕೇಳಿದ್ರೇನ್ರಿ ಅತ್ತಿ?" ಅಂದ.